ಮನೆ ವಿಮೆ ಕ್ಲೈಮು: ಪಾಲಿಸಿಗೆ ನಾಲ್ಕು ನಕ್ಷತ್ರ, ಮನೆಯೊಳಗೆ ಬಂದವರಿಗೆ ಒಂದು

ಪಾಲಿಸಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಕ್ಲೈಮು ನಡೆಸಿದ ರೀತಿಗೆ ಐದಕ್ಕೆ ಒಂದು. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಓದುವವರಿಗೆ ಮೋಸವಾಗುತ್ತದೆ, ಅದಕ್ಕೆ ಬೇರೆಬೇರೆಯಾಗಿ ಬರೆಯುತ್ತಿದ್ದೇನೆ. ಕಂಪನಿ, ಏಜೆಂಟ್, ಹಾನಿ ಅಳೆಯುವ ಸರ್ವೇಯರ್ ಯಾರ ಹೆಸರನ್ನೂ ಹಾಕುವುದಿಲ್ಲ. ಇವತ್ತು ನನಗೆ ಆದದ್ದು ನಾಳೆ ಬೇರೆ ಕಂಪನಿಯ ಪಾಲಿಸಿ ಇರುವ ನಿಮಗೂ ಆಗಬಹುದು.

ನಮ್ಮ ಮನೆ ಮಡಿಕೇರಿ ತಾಲ್ಲೂಕಿನಲ್ಲಿ, ಇಳಿಜಾರಿನ ಕಾಫಿ ತೋಟದ ನಡುವೆ. 1994ರಲ್ಲಿ ಕಟ್ಟಿದ್ದು. ಮಂಗಳೂರು ಹಂಚಿನ ಮಾಡು, ಅಡುಗೆಮನೆಯ ಹಿಂದೆ ಎರಡಾಳೆತ್ತರದ ಬರೆ, ಅಂದರೆ ಗುಡ್ಡ ಕಡಿದ ಕಡಿದಾದ ಮಣ್ಣಿನ ಗೋಡೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡಗಳೇ ಇಳಿದು ಬಂದಾಗ ನಮ್ಮ ಬರೆ ಅಲುಗಾಡಲಿಲ್ಲ. ಮರುವರ್ಷ ತೋರಾದಲ್ಲಿ ಕುಸಿದಾಗಲೂ ಇಲ್ಲ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜಾರಿದಾಗಲೂ ಇಲ್ಲ. ಆದರೂ ಮಗಳು ಹಿಡಿದ ಹಟ ಬಿಡದೆ 2021ರಲ್ಲಿ ಮನೆಗೆ ವಿಮೆ ಮಾಡಿಸಿದಳು. ಅವಳ ಹಟದಿಂದಲೇ ಇವತ್ತು ಈ ಮನೆ ನಿಂತಿದೆ.

ಪಾಲಿಸಿಯ ಹೆಸರು ಭಾರತ್ ಗೃಹ ರಕ್ಷಾ. ಇದು ಒಂದೇ ಕಂಪನಿಯ ಸೊತ್ತಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಮಾಡಿದ ನಿಯಮದಂತೆ 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಇದೇ ಒಕ್ಕಣೆಯಲ್ಲಿ ಕೊಡಬೇಕು. ಬೆಂಕಿ, ಬಿರುಗಾಳಿ, ನೆರೆ, ಭೂಕಂಪ ಇದರಲ್ಲಿ ಬರುತ್ತವೆ. ನಮಗೆ ಮುಖ್ಯವಾದ ಭೂಕುಸಿತ, ನೆಲ ಕುಸಿತವೂ ಬರುತ್ತವೆ. ಕಟ್ಟಡದ ವಿಮಾ ಮೊತ್ತದ 20 ಶೇಕಡಾದಷ್ಟು, 10 ಲಕ್ಷ ಮೀರದಂತೆ, ಮನೆಯೊಳಗಿನ ಸಾಮಾನಿಗೂ ರಕ್ಷಣೆ ತಾನಾಗಿಯೇ ಸಿಗುತ್ತದೆ. ಬರೆಗೆ ಕಟ್ಟಿದ ತಡೆಗೋಡೆಯನ್ನೂ ಕಟ್ಟಡದ ಲೆಕ್ಕಕ್ಕೆ ಸೇರಿಸಬಹುದು. ಕೊಡಗಿನವರು ಪಾಲಿಸಿ ಮಾಡಿಸುವಾಗ ಈ ಒಂದು ಮಾತನ್ನು ಮರೆಯದೆ ಕೇಳಿ ಬರೆಸಿಕೊಳ್ಳಿ. ಒಂದು ನಕ್ಷತ್ರ ಕಡಿಮೆ ಕೊಟ್ಟದ್ದಕ್ಕೆ ಕಾರಣ ಮಣ್ಣು. ಅವಶೇಷ ತೆಗೆಸುವ ಖರ್ಚಿಗೆ ಕ್ಲೈಮು ಮೊತ್ತದ 2 ಶೇಕಡಾ ಮಾತ್ರ ಕೊಡುತ್ತಾರೆ. ಬರೆ ಕುಸಿದ ಮನೆಯಲ್ಲಿ ಮೊದಲ ಖರ್ಚೇ ಮಣ್ಣು ತೆಗೆಸುವುದು. ನನಗೆ ಜೆಸಿಬಿ ಮತ್ತು ಆಳುಗಳಿಗೆ ಮೂವತ್ತೊಂದು ಸಾವಿರ ಆಯಿತು, ಬಂದದ್ದು ಆರೂವರೆ ಸಾವಿರ.

2024ರ ಜುಲೈ ಕೊನೆಯ ವಾರ ಬರೆ ಕುಸಿದು ಬಂತು. ವಯನಾಡಿನ ಚೂರಲ್‌ಮಲೆ ಕೊಚ್ಚಿ ಹೋದ ಅದೇ ವಾರ. ರಾತ್ರಿ ಮೊದಲು ಹಿತ್ತಿಲ ಸಿಲ್ವರ್ ಮರ ಮುರಿದ ಸದ್ದಾಯಿತು, ಆಮೇಲೆ ಅಡುಗೆಮನೆಯ ಗೋಡೆ ಒಳಗೆ ಬಂತು. ಮೊಣಕಾಲುದ್ದ ಕೆಸರು. ಬಚ್ಚಲು, ಅಡುಗೆಮನೆ, ಹಿಂದಿನ ಮಾಡು ಪೂರ್ತಿ ಹೋಯಿತು. ನಡುಮನೆಯ ಗೋಡೆಯಲ್ಲಿ ಮೇಲಿನಿಂದ ಕೆಳಕ್ಕೆ ಬೆರಳು ಹೋಗುವಷ್ಟು ಬಿರುಕು. ಯಜಮಾನರು ತೀರಿಹೋದ ಮೇಲೆ ಮನೆಯಲ್ಲಿ ನಾನು ಮತ್ತು ಕೆಲಸಕ್ಕೆ ಬರುವ ಹುಡುಗಿ ಇಬ್ಬರೇ. ದೇವರ ದಯೆ, ಇಬ್ಬರೂ ಮುಂದಿನ ಕೋಣೆಯಲ್ಲಿ ಮಲಗಿದ್ದೆವು.

ಬೆಳಿಗ್ಗೆ ಗ್ರಾಮ ಆಡಳಿತ ಅಧಿಕಾರಿ ಬಂದು ಮಹಜರು ಮಾಡಿದರು. ನಾನು ವಿಮೆ ಏಜೆಂಟನಿಗೆ ಫೋನ್ ಮಾಡಿದೆ. ಅವನು ನನ್ನ ಹಳೆಯ ವಿದ್ಯಾರ್ಥಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವಳಿಗೆ ಊರಲ್ಲಿ ಎಲ್ಲಿ ಹೋದರೂ ಒಬ್ಬ ವಿದ್ಯಾರ್ಥಿ ಸಿಗುತ್ತಾನೆ, ಆ ಸಲುಗೆಯಲ್ಲೇ ಅವನನ್ನು ನಂಬಿದ್ದೆ. “ಟೀಚರೇ, ನೀವು ಏನೂ ತಲೆ ಕೆಡಿಸಿಕೊಳ್ಳಬೇಡಿ, ಎಲ್ಲ ನಾನು ನೋಡಿಕೊಳ್ತೇನೆ” ಎಂದ. ಆ ಹೊತ್ತಿಗೆ ಅದಕ್ಕಿಂತ ದೊಡ್ಡ ಸಮಾಧಾನದ ಮಾತು ಇರಲಿಲ್ಲ.

ಮರುದಿನ “ಸರ್ವೇಯರ್ ಕಡೆಯವರು” ಎಂದು ಇಬ್ಬರು ಹುಡುಗರು ಬಂದರು. ಸರ್ವೇಯರ್ ಬರಲಿಲ್ಲ. ಹುಡುಗರ ಕೈಯಲ್ಲಿ ಒಂದು ಟೇಪು, ಎರಡು ಫೋನು. ಒಬ್ಬ ಹಳದಿ ರೇನ್‌ಕೋಟ್ ಹಾಕಿದ್ದ. ಅದರ ಬೆನ್ನ ಮೇಲೆ ನೀಲಿ ಅಕ್ಷರದಲ್ಲಿ ಯಾವುದೋ ಕನ್‌ಸ್ಟ್ರಕ್ಷನ್ ಎಂದು ಬರೆದಿತ್ತು. ಆಗ ನಾನು ಅದನ್ನು ಓದಿದೆ, ಅರ್ಥ ಮಾಡಿಕೊಳ್ಳಲಿಲ್ಲ.

ಅವರು ಅಡುಗೆಮನೆಯ ಫೋಟೋ ತೆಗೆದರು, ಸರಿ. ಬಿರುಕಿನ ಫೋಟೋ ತೆಗೆದರು, ಅದೂ ಸರಿ. ಆಮೇಲೆ ಬಾಗಿಲು ಬಾಗಿಲು ತೆರೆದು ಮನೆಯನ್ನೆಲ್ಲ ತೆಗೆದರು. ನೆಲ್ಲಕ್ಕಿಯಲ್ಲಿ, ಅಂದರೆ ದೀಪ ಹಚ್ಚುವ ನಡುಮನೆಯಲ್ಲಿ, ತೂಗುದೀಪ, ಗೋಡೆಯ ಮೇಲೆ ನಮ್ಮ ಹಿರಿಯರ ಪಟಗಳು, ಅದರ ಪಕ್ಕ ಕೋವಿ. ಮಲಗುವ ಕೋಣೆಯ ಗೋದ್ರೇಜ್ ಬೀರು. ಒದ್ದೆಯಾಗದಿರಲೆಂದು ನಾನು ಮಂಚದ ಮೇಲೆ ಹರಡಿದ್ದ ಪಾಸ್‌ಬುಕ್ಕು, ಆಧಾರ್, ಯಜಮಾನರ ಮರಣ ಪ್ರಮಾಣಪತ್ರ. ಮೊಮ್ಮಕ್ಕಳು ಬಂದಾಗ ಮಲಗುವ ಕೋಣೆಯಲ್ಲಿ ನಾಲ್ಕು ಮಂಚ ಇವೆ, ಅದನ್ನೂ ಬಿಡಲಿಲ್ಲ. ನಾನು ಕೆಸರಿನಲ್ಲಿ ನಿಂತು ಪಾತ್ರೆ ಹೆಕ್ಕುತ್ತಿದ್ದೆ. “ಅದು ಯಾಕಪ್ಪ?” ಎಂದು ಒಮ್ಮೆ ಕೇಳಿದ್ದಕ್ಕೆ “ಎಲ್ಲ ಅಪ್‌ಲೋಡ್ ಮಾಡಬೇಕು ಆಂಟಿ” ಎಂದರು. ಮನೆ ಮುರಿದುಬಿದ್ದಾಗ ನಮ್ಮಂಥವರಿಗೆ ‘ಬೇಡ’ ಎನ್ನಲು ಬಾಯಿ ಬರುವುದಿಲ್ಲ. ಇವರೇ ಕಾಪಾಡಲು ಬಂದವರು, ಇವರಿಗೆ ಬೇಸರವಾದರೆ ಎಲ್ಲಿ ದುಡ್ಡು ನಿಂತುಹೋಗುತ್ತದೋ ಎನ್ನುವ ಹೆದರಿಕೆ.

ಕಾಗದಪತ್ರವೂ ಹಾಗೆಯೇ. ನಮ್ಮದು ಜಮ್ಮಾ ಜಾಗ, ಅಂದರೆ ಒಕ್ಕಕ್ಕೆ (ಇಡೀ ಮನೆತನಕ್ಕೆ) ಸೇರಿದ ಕೊಡಗಿನ ಹಳೆಯ ಹಿಡುವಳಿ. ಆರ್‌ಟಿಸಿಯಲ್ಲಿ ಒಕ್ಕದ ಯಜಮಾನರಾದ ಪಟ್ಟೇದಾರರ ಹೆಸರಿನ ಜೊತೆ ಒಕ್ಕದ ಹದಿನಾಲ್ಕು ಜನರ ಹೆಸರಿದೆ. ಮನೆ ನನ್ನದು ಎಂದು ತೋರಿಸಲು ತೆರಿಗೆ ರಸೀದಿ, ಕರೆಂಟು ಬಿಲ್ಲು ಕೊಟ್ಟೆ. ಸಾಲದು, ವಂಶವೃಕ್ಷ ಬೇಕು, ಎಲ್ಲರ ಫೋನ್ ನಂಬರ್ ಬೇಕು ಎಂದರು. ಆರ್‌ಟಿಸಿಯನ್ನು ಭೂಮಿ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು, ಒಪ್ಪುತ್ತೇನೆ. ವಂಶವೃಕ್ಷ ಹಾಗಲ್ಲ. ಯಾರು ತೀರಿಹೋದರು, ಯಾರಿಗೆ ಮಕ್ಕಳಿಲ್ಲ, ಯಾವ ಪಾಲು ಯಾರ ಕೈಯಲ್ಲಿದೆ, ಎಲ್ಲವೂ ಒಂದೇ ಹಾಳೆಯಲ್ಲಿ ಕಾಣುತ್ತದೆ. ನನ್ನ ಅಡುಗೆಮನೆಯ ಗೋಡೆಗೂ ಬೆಂಗಳೂರಿನಲ್ಲಿರುವ ನನ್ನ ಮೈದುನನ ಮಗನ ಫೋನ್ ನಂಬರಿಗೂ ಏನು ಸಂಬಂಧ? ಆದರೂ ಕೊಟ್ಟೆ. ಆ ತಪ್ಪು ನನ್ನದು, ಅದಕ್ಕೆ ಆಮೇಲೆ ಅವನ ಹತ್ತಿರ ಕ್ಷಮೆ ಕೇಳಿದೆ.

ನಾಲ್ಕನೇ ದಿನ ಬೆಂಗಳೂರಿನಿಂದ ಒಂದು ಫೋನ್. “ಮೇಡಂ, ಮನೆ ಹಿಂದಿನ ಬರೆ ಹೋಗಿದೆಯಂತಲ್ಲ, ಹಾಲ್ ಗೋಡೆಯೂ ಕ್ರ್ಯಾಕ್ ಆಗಿದೆಯಂತೆ. ತೋಟ ಕೊಡುವ ಯೋಚನೆ ಏನಾದರೂ ಉಂಟಾ?” ರೆಸಾರ್ಟಿಗೆ ಜಾಗ ಹುಡುಕುವ ದಲ್ಲಾಳಿ. ಸಂಜೆ ಅದೇ ಮನುಷ್ಯ ನನ್ನ ಮೈದುನನ ಮಗನಿಗೂ ಫೋನ್ ಮಾಡಿ, ದೊಡ್ಡಮ್ಮನಿಗೆ ವಯಸ್ಸಾಯಿತು, ನೀವಾದರೂ ಮಾತಾಡಿ ಎಂದನಂತೆ. ಬರೆ ಬಿದ್ದದ್ದು ಊರಿಗೆಲ್ಲ ಗೊತ್ತಿತ್ತು. ನಡುಮನೆಯ ಬಿರುಕು ನೋಡಿದವರು ನಾನು, ಕೆಲಸದ ಹುಡುಗಿ, ಮಹಜರಿಗೆ ಬಂದವರು, ಮತ್ತು ಆ ಇಬ್ಬರು ಹುಡುಗರು. ವಂಶವೃಕ್ಷದ ಜೊತೆ ಆ ಫೋನ್ ನಂಬರನ್ನು ನಾನು ಬರೆದುಕೊಟ್ಟದ್ದು ಒಂದೇ ಕಡೆ.

ಅದರ ಮಾರನೆ ದಿನ ಪಕ್ಕದ ತೋಟದವರು ಫೋನ್ ತಂದು ತೋರಿಸಿದರು. “ಅಕ್ಕ, ಇದು ನಿಮ್ಮ ಮನೆ ಅಲ್ವಾ?” ಮಳೆಹಾನಿಯ ಫೋಟೋಗಳ ಒಂದು ವಾಟ್ಸ್ಆ್ಯಪ್ ಗುಂಪು. ಅದರಲ್ಲಿ ನಮ್ಮ ನೆಲ್ಲಕ್ಕಿ. ಬಿರುಕಿನ ಎಡಗಡೆ ಕೋವಿ, ಬಲಗಡೆ ನಮ್ಮ ಮಾವನವರ ಪಟ, ಮಧ್ಯೆ ಬೆಳಗದ ದೀಪ. ಮನೆ ಕಟ್ಟಿದಾಗಿನಿಂದ ನಾನು ಅಲ್ಲಿ ಬೆಳಿಗ್ಗೆ ಸಂಜೆ ದೀಪ ಹಚ್ಚದ ದಿನಗಳು ಬೆರಳೆಣಿಕೆ. ಹಚ್ಚಲಾಗದ ಒಂದು ದಿನದ ಚಿತ್ರ ಊರೆಲ್ಲ ಸುತ್ತಿತು. ಇನ್ನೊಂದು, ಕೋವಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದಾರೆ. ವಿನಾಯಿತಿ ಇದೆ ಎಂದ ಮಾತ್ರಕ್ಕೆ ಒಂಟಿ ಹೆಂಗಸಿನ ಮನೆಯಲ್ಲಿ ಕೋವಿ ಯಾವ ಗೋಡೆಯಲ್ಲಿದೆ, ಹಿಂದಿನ ಗೋಡೆ ಎಲ್ಲಿ ತೆರೆದಿದೆ ಎಂದು ಒಂದೇ ಚಿತ್ರದಲ್ಲಿ ಊರಿಗೆ ತೋರಿಸಬೇಕೇ? ಆ ರಾತ್ರಿಯಿಂದ ಮಗಳ ಮನೆಗೆ ಹೋಗಿ ಉಳಿದೆ.

ಇನ್ನು ಎರಡನೇ ವಿಷಯ. ಏಜೆಂಟ್ ತನ್ನ ಭಾವನನ್ನು ಕರೆತಂದ. ಭಾವ ಬಿಲ್ಡಿಂಗ್ ಕಂಟ್ರಾಕ್ಟರ್, ಜೆಸಿಬಿಯೂ ಇದೆ. “ರಿಪೇರಿ ಎಸ್ಟಿಮೇಟ್ ಇವರ ಹತ್ತಿರವೇ ಮಾಡಿಸಿ ಟೀಚರೇ, ಸುಲಭವಾಗಿ ಪಾಸಾಗುತ್ತದೆ” ಎಂದ. ಭಾವನ ಜೊತೆ ಟೇಪು ಹಿಡಿದು ಇಳಿದವನು ಅದೇ ಹಳದಿ ರೇನ್‌ಕೋಟಿನ ಹುಡುಗ. ಬೆನ್ನ ಮೇಲಿನ ಹೆಸರು ಈಗ ಅರ್ಥವಾಯಿತು. ಹಾನಿ ಅಳೆಯಲು ಬಂದವನು, ರಿಪೇರಿಗೆ ರೇಟು ಹೇಳುವವನು, ಪಾಲಿಸಿ ಮಾರಿದವನು ಮೂವರೂ ಒಂದೇ ಮನೆಯವರು.

ನಾನು ಆ ಎಸ್ಟಿಮೇಟ್ ಬೇಡ ಎಂದೆ. ಕುಶಾಲನಗರದ ಒಬ್ಬ ಇಂಜಿನಿಯರರಿಂದ ಬರೆಸಿದೆ, 3,90,000 ಆಯಿತು. (ಇಂಜಿನಿಯರರ ಶುಲ್ಕಕ್ಕೂ ಪಾಲಿಸಿಯಲ್ಲಿ ಕ್ಲೈಮು ಮೊತ್ತದ 5 ಶೇಕಡಾವರೆಗೆ ಸಿಗುತ್ತದೆ, ರಸೀದಿ ಇಟ್ಟುಕೊಳ್ಳಿ.) ಸರ್ವೇ ವರದಿ ಬಂದಾಗ ಅದರಲ್ಲಿದ್ದದ್ದು 1,12,000. ವರದಿಯ ಪ್ರತಿ ಬೇಕೆಂದು ಬರೆದು ಕೇಳಿದೆ. ಕೇಳಿದರೆ ಕೊಡಬೇಕು, ಕೊಟ್ಟರು. ಕೇಳದಿದ್ದರೆ ಮೊತ್ತ ಒಂದನ್ನೇ ಹೇಳಿ ಮುಗಿಸುತ್ತಿದ್ದರು.

ವರದಿಯಲ್ಲಿ ಎರಡು ಮಾತು ಇದ್ದವು. ಒಂದು, ನಡುಮನೆಯ ಬಿರುಕು ಕಟ್ಟಡ ತನ್ನ ಭಾರಕ್ಕೆ ಕೆಳಗೆ ಕೂತದ್ದರಿಂದ ಆದದ್ದು, ಅದು ಪಾಲಿಸಿಗೆ ಹೊರಗು. ಪಾಲಿಸಿ ತೆಗೆದು ಓದಿದೆ. ಅಲ್ಲಿ ಹೊರಗಿಟ್ಟಿರುವುದು ಹೊಸ ಕಟ್ಟಡ ಕೂರುವುದನ್ನು. ಮೂವತ್ತು ಮಳೆಗಾಲ ಕಂಡ ಮನೆ ಹೊಸತಾಗುವುದು ಹೇಗೆ? ಎರಡನೆಯದು ಓದಿ ಕೈ ನಡುಗಿತು: “ಮನೆಯನ್ನು ಹೋಂಸ್ಟೇ ಆಗಿ ಬಳಸುತ್ತಿರುವಂತೆ ಕಾಣುತ್ತದೆ.” ಈ ಪಾಲಿಸಿ ವಾಸದ ಮನೆಗೆ ಮಾತ್ರ. ಆ ಒಂದು ಸಾಲಿನಿಂದ ಇಡೀ ಕ್ಲೈಮನ್ನೇ ತಳ್ಳಿಹಾಕಬಹುದಿತ್ತು. ಆಧಾರ? ನಾಲ್ಕು ಮಂಚದ ಫೋಟೋ. ಕೈಲ್‌ಪೊಳ್ದಿಗೂ ಪುತ್ತರಿಗೂ ಹಬ್ಬಕ್ಕೆಂದು ಬರುವ ನನ್ನ ಮೊಮ್ಮಕ್ಕಳ ಮಂಚ. ಆ ಕೋಣೆಯಲ್ಲಿ ಒಂದು ಹಂಚೂ ಒಡೆದಿರಲಿಲ್ಲ, ಅಲ್ಲಿ ಫೋಟೋ ತೆಗೆಯುವ ಕೆಲಸವೇ ಇರಲಿಲ್ಲ. ಬೇಡದ ಜಾಗಕ್ಕೆ ಕ್ಯಾಮೆರಾ ಹೋದರೆ ಮಾನ ಹೋಗುತ್ತದೆ ಎಂದಷ್ಟೇ ಆವರೆಗೆ ತಿಳಿದಿದ್ದೆ. ಹಕ್ಕಿನ ಹಣವೂ ಹೋಗುತ್ತದೆ ಎಂದು ಆಗ ಗೊತ್ತಾಯಿತು.

ನಾನು ಭಾವನ ಎಸ್ಟಿಮೇಟ್ ಬೇಡ ಎಂದದ್ದಕ್ಕೂ ವರದಿ ಹೀಗೆ ಬಂದದ್ದಕ್ಕೂ ಸಂಬಂಧ ಇದೆ ಎಂದು ನಾನು ಹೇಳುತ್ತಿಲ್ಲ, ನನ್ನ ಹತ್ತಿರ ಅದಕ್ಕೆ ಸಾಕ್ಷಿ ಇಲ್ಲ. ಆದರೆ ಹಿತಾಸಕ್ತಿ ಸಂಘರ್ಷ ಎನ್ನಲು ಕಳ್ಳತನ ಸಾಬೀತಾಗಬೇಕಿಲ್ಲ. ನಾವು ಪರೀಕ್ಷೆಯ ಪೇಪರ್ ತಿದ್ದಲು ಹೋಗುತ್ತಿದ್ದ ಕಾಲದಲ್ಲಿ, ಮನೆಯ ಮಗು ಆ ವರ್ಷ ಪರೀಕ್ಷೆಗೆ ಕೂತಿದ್ದರೆ ನಾವೇ ಬರೆದುಕೊಟ್ಟು ದೂರ ಇರುತ್ತಿದ್ದೆವು. ಮಾರ್ಕು ಕದಿಯುತ್ತೇವೆಂದು ಯಾರೂ ಅನ್ನುತ್ತಿರಲಿಲ್ಲ. ಅನುಮಾನಕ್ಕೆ ಎಡೆ ಇರಬಾರದು, ಅಷ್ಟೆ.

ಮಗಳ ಜೊತೆ ಕೂತು ನಿಯಮಗಳನ್ನು ಓದಿದೆ. ಸರ್ವೇಯರ್ ಕಂಪನಿಯ ನೌಕರನಲ್ಲ, ಐಆರ್‌ಡಿಎಐ ಪರವಾನಗಿ ಪಡೆದ ಸ್ವತಂತ್ರ ವ್ಯಕ್ತಿ. ಶುಲ್ಕ ಮಾತ್ರ ಕಂಪನಿ ಕೊಡುತ್ತದೆ. ಅವರಿಗೆಂದೇ 2015ರ ನಿಯಮಾವಳಿ ಇದೆ. ಕ್ಲೈಮಿನಲ್ಲಿ ತನ್ನದೋ ನೆಂಟರದೋ ವ್ಯವಹಾರದ ಪಾಲುದಾರರದೋ ಹಿತ ಇದ್ದರೆ ಹೇಳಿಕೊಳ್ಳಬೇಕು, ಗೌಪ್ಯತೆ ಕಾಯಬೇಕು, ಯಾವ ಕಡೆಗೂ ವಾಲಬಾರದು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಪ್ರಾಧಿಕಾರದ 2024ರ ಜೂನಿನ ಸುತ್ತೋಲೆಯಂತೆ ಸುದ್ದಿ ಕೊಟ್ಟ 24 ಗಂಟೆಯೊಳಗೆ ಸರ್ವೇಯರನ್ನು ನೇಮಿಸಬೇಕು, ವರದಿ 15 ದಿನದಲ್ಲಿ ಬರಬೇಕು, ವರದಿ ಕೈಸೇರಿದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. ಕ್ಲೈಮಿಗೆ ಸಂಬಂಧಪಟ್ಟ, ಅಗತ್ಯವಾದ ಕಾಗದ ಮಾತ್ರ ಕೇಳಬೇಕು. ನನ್ನ ವಂಶವೃಕ್ಷಕ್ಕೆ ಉತ್ತರ ಅಲ್ಲಿತ್ತು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಅರ್ಜಿ ಹಾಕಿದಾಗ ಎಂಬತ್ತು ದಾಟಿದವರು. ಅರುವತ್ತಾರು ವರ್ಷದ ನಾನು ಒಂದು ಇಮೇಲ್ ಬರೆಯಲು ಹಿಂಜರಿಯಬಾರದು ಎನ್ನಿಸಿತು.

ಕಂಪನಿಯ ದೂರು ಅಧಿಕಾರಿಗೆ ಬರೆದೆ. ಸರ್ವೇಯರರ ಪರವಾನಗಿ ಸಂಖ್ಯೆ ಏನು, ಅವರು ಸ್ವತಃ ಯಾವ ದಿನ ಮನೆಗೆ ಬಂದರು? ಫೋಟೋ ತೆಗೆದ ಹುಡುಗರು ಯಾರ ಸಂಬಳದವರು? ನನ್ನ ಮನೆಯ ಫೋಟೋ, ನನ್ನ ಕಾಗದ ಈಗ ಯಾರಯಾರ ಫೋನಿನಲ್ಲಿವೆ? ಮೊದಲ ಉತ್ತರ ಎಲ್ಲರಿಗೂ ಕಳಿಸುವ ಸಿದ್ಧ ಒಕ್ಕಣೆಯದು: ನಿಮ್ಮ ಸಂತೋಷವೇ ನಮ್ಮ ಆದ್ಯತೆ ಎಂದು. ಎರಡು ವಾರ ಕಾದು ಐಆರ್‌ಡಿಎಐ ನಡೆಸುವ ಬಿಮಾ ಭರೋಸಾ ಪೋರ್ಟಲಿನಲ್ಲಿ ದೂರು ಹಾಕಿದೆ. ಅದಕ್ಕೆ 155255 ಎಂಬ ಫೋನ್ ನಂಬರೂ ಇದೆ. ರೇನ್‌ಕೋಟಿನ ಹುಡುಗ ನಮ್ಮ ಅಂಗಳದಲ್ಲಿ ಜೆಸಿಬಿ ಪಕ್ಕ ನಿಂತ ಫೋಟೋವನ್ನೂ ಜೊತೆಗಿಟ್ಟೆ. ಅಲ್ಲಿಂದ ಗಾಡಿ ಓಡಿತು. ಕಂಪನಿಯೇ ಫೋನ್ ಮಾಡಿ, ಮೊದಲ ಸರ್ವೇಯರ್ ಹಿಂದೆ ಸರಿದಿದ್ದಾರೆ, ಮೈಸೂರಿನಿಂದ ಬೇರೆಯವರು ಬರುತ್ತಾರೆ ಎಂದಿತು.

ಬಂದವರಿಗೆ ಐವತ್ತರ ಮೇಲೆ ವಯಸ್ಸು. ಅವರೇ ಬಂದರು, ಒಬ್ಬರೇ ಬಂದರು. ಗೇಟಿನ ಹತ್ತಿರವೇ ಗುರುತಿನ ಚೀಟಿ ತೋರಿಸಿ, ಚಪ್ಪಲಿ ಬಿಟ್ಟು, “ಅಮ್ಮಾ, ಯಾವ ಕೋಣೆಗೆ ಪೆಟ್ಟಾಗಿದೆ, ಅಷ್ಟನ್ನೇ ತೋರಿಸಿ ಸಾಕು” ಎಂದರು. ನಡುಮನೆಯ ಬಿರುಕಿಗೆ ಒಂದು ಸಣ್ಣ ಗಾಜಿನ ತುಂಡನ್ನು ಸಿಮೆಂಟಿನಲ್ಲಿ ಅಂಟಿಸಿ ದಿನಾಂಕ ಬರೆದರು. ಬಿರುಕು ಇನ್ನೂ ಬೆಳೆಯುತ್ತಿದ್ದರೆ ಗಾಜು ಒಡೆಯುತ್ತದಂತೆ. ಬಿರುಕಿನೊಳಗೆ ಟಾರ್ಚು ಬಿಟ್ಟು ನನಗೂ ತೋರಿಸಿದರು: ಒಳಗಿನ ಇಟ್ಟಿಗೆ ಹೊಸ ಕೆಂಪು, ಧೂಳಿಲ್ಲ, ಜೇಡನ ಬಲೆಯಿಲ್ಲ. “ಹಳೆ ಬಿರುಕಾಗಿದ್ದರೆ ಒಳಗೆ ಕಪ್ಪಾಗಿರ್ತಿತ್ತು” ಎಂದರು. ಒಂದು ಫೋಟೋದಲ್ಲಿ ದೀಪ ಬಿದ್ದಿತ್ತು. ಫೋನನ್ನು ನನ್ನ ಕಡೆ ತಿರುಗಿಸಿ, ಇದು ಬೇಡ ಅಲ್ವಾ ಎಂದು ಕೇಳಿ, ನನ್ನೆದುರೇ ಅಳಿಸಿ, ಬಿರುಕಿನ ಹತ್ತಿರ ಹೋಗಿ ಇನ್ನೊಂದು ತೆಗೆದರು. ಆ ಮನುಷ್ಯರಿಗೆ ಮಾತ್ರ ಐದಕ್ಕೆ ಐದು. ಕಾಫಿ ಕೊಟ್ಟರೆ ನಯವಾಗಿ ಬೇಡವೆಂದರು. ಮನೆಗೆ ಬಂದವರು ಹಾಗೆ ಹೋಗಬಾರದು, ಆದರೆ ಆ ದಿನ ನನಗೆ ಬೇಸರವಾಗಲಿಲ್ಲ.

ಕೊನೆಗೆ ಬಂದದ್ದು 3,28,000, ಅದರ ಮೇಲೆ ಮಣ್ಣು ತೆಗೆಸಿದ್ದಕ್ಕೂ ಇಂಜಿನಿಯರರಿಗೂ ನಿಯಮದಷ್ಟು. ಡಿಸೆಂಬರ್ ಹತ್ತರ ಹೊತ್ತಿಗೆ ಬ್ಯಾಂಕಿಗೆ ಬಿತ್ತು. ಒಂದು ತಿಂಗಳೊಳಗೆ ಮುಗಿಯಬೇಕಾದದ್ದು ನಾಲ್ಕೂವರೆ ತಿಂಗಳು. ಮೊತ್ತದಲ್ಲಿ ಇನ್ನೂ ತಕರಾರಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಹತ್ತಿರ ಹೋಗುತ್ತಿದ್ದೆ. 50 ಲಕ್ಷದವರೆಗಿನ ದೂರು ನೋಡುತ್ತಾರೆ, ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಮೊದಲು ಕಂಪನಿಗೆ ಬರೆದು ಒಂದು ತಿಂಗಳು ಕಾದಿರಬೇಕು, ಕಂಪನಿ ಇಲ್ಲವೆಂದ ಮೇಲೆ ಒಂದು ವರ್ಷದೊಳಗೆ ಹೋಗಬೇಕು.

ಫೋಟೋ, ಕಾಗದ ಯಾರಯಾರ ಫೋನಿನಲ್ಲಿವೆ ಎಂಬ ನನ್ನ ಮೂರನೇ ಪ್ರಶ್ನೆಗೆ ಇವತ್ತಿನವರೆಗೂ ಉತ್ತರ ಬಂದಿಲ್ಲ. “ನಮ್ಮ ವ್ಯವಸ್ಥೆಯಿಂದ ಮಾಹಿತಿ ಸೋರಿಕೆಯಾಗಿಲ್ಲ” ಎಂದು ಒಂದು ಸಾಲು ಬರೆದಿದ್ದಾರೆ. ಆ ಫೋಟೋಗಳು ಅವರ ವ್ಯವಸ್ಥೆಗೆ ಹೋಗುವ ಮೊದಲೇ ಒಬ್ಬ ಹುಡುಗನ ಸ್ವಂತ ಫೋನಿನಲ್ಲಿದ್ದವು. ವ್ಯವಸ್ಥೆಯಿಂದ ಸೋರಲಿಲ್ಲ ಎನ್ನುವುದು ನನಗೆ ಉತ್ತರ ಅಲ್ಲ. ಏಜೆಂಟ್ ಒಮ್ಮೆ ಮನೆಗೆ ಬಂದು “ತಪ್ಪಾಯ್ತು ಟೀಚರೇ, ಸಹಾಯ ಆಗಲಿ ಅಂತ ಮಾಡಿದ್ದು” ಎಂದು ತಲೆ ತಗ್ಗಿಸಿ ನಿಂತ. ಅವನು ಹೇಳಿದ್ದನ್ನು ನಂಬುತ್ತೇನೆ. ನಮ್ಮ ಊರುಗಳಲ್ಲಿ ಸಹಾಯಕ್ಕೆ ಮೊದಲು ಬರುವವರು ನೆಂಟರೇ. ಅಳತೆ ಮಾಡುವ ಕೆಲಸಕ್ಕೂ ನೆಂಟರನ್ನೇ ಕಳಿಸಬಾರದು ಎಂದು ಅವನಿಗೆ ಹೇಳಿದೆ, ಕಾಫಿ ಕೊಟ್ಟು ಕಳಿಸಿದೆ.

ಪಾಲಿಸಿ ನವೀಕರಿಸಿದ್ದೇನೆ, ಇದೇ ಕಂಪನಿಯಲ್ಲಿ, ಏಜೆಂಟ್ ಇಲ್ಲದೆ. ತಡೆಗೋಡೆಯನ್ನು ಹೆಸರು ಹಿಡಿದು ಬರೆಸಿದ್ದೇನೆ. ಮಳೆ ಬರುವ ಮೊದಲೇ ಎಲ್ಲ ಕೋಣೆಗಳ ಫೋಟೋ ನಾನೇ ತೆಗೆದು, ದಿನಾಂಕ ಸಹಿತ ಮಗಳ ಹತ್ತಿರ ಇಟ್ಟಿದ್ದೇನೆ. ಆಧಾರ್ ಕೇಳಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಸಿಗುತ್ತದೆ, ಅದನ್ನೇ ಕೊಡುತ್ತೇನೆ, ಮೇಲೆ ಯಾವ ಕೆಲಸಕ್ಕೆ ಕೊಟ್ಟದ್ದೆಂದು ಬರೆದು. ಗಾಜಿನ ತುಂಡು ಇನ್ನೂ ಗೋಡೆಯಲ್ಲಿದೆ, ಒಡೆದಿಲ್ಲ.

ಕಳೆದ ತಿಂಗಳು ವಿರಾಜಪೇಟೆಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಪಕ್ಕ ಕೂತವರನ್ನು ನಾನು ಎಂದೂ ನೋಡಿರಲಿಲ್ಲ. ಊರು, ಒಕ್ಕ ಕೇಳಿದರು. ಹೇಳಿದೆ. “ಓ, ನಿಮ್ಮ ಮನೆ ಫೋಟೋ ನೋಡಿದ್ದೆ ನಾನು. ದೀಪದ ಹಿಂದಿನ ಗೋಡೆ ಸರಿಯಾಯ್ತಾ?” ಎಂದರು. ಪಾಪ, ಕಾಳಜಿಯಿಂದಲೇ ಕೇಳಿದ್ದು. ಆಯಿತು ಎಂದೆ. ಆಮೇಲೆ ಊಟ ಸೇರಲಿಲ್ಲ.